ಗಾಲಿಕುರ್ಚಿಗೆ ಗಾಳಿ

ಸಾಗರದಲ್ಲಿ ನಮ್ಮದು ಗಿರಾಕಿಗಳೇ ಕಾರು ತೊಳೆದುಕೊಳ್ಳುವ ಜಾಗ. ಹೋದ ವರ್ಷ ಅಲ್ಲಿ ಟೈರಿಗೆ ಗಾಳಿ ತುಂಬುವ ಮೆಷಿನ್ ಇಡಿಸಿದೆ. ಮೊದಲ ದಿನ ಮಧ್ಯಾಹ್ನದವರೆಗೂ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಹೊಸನಗರದಿಂದ ತಾಯಿಯನ್ನು ಕರೆದುಕೊಂಡು ಬಂದ ಹೆಂಗಸೊಬ್ಬರು ಕಾರು ತೊಳೆಯತೊಡಗಿದರು. ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದ ತಾಯಿ ನನ್ನನ್ನು ಕರೆದರು. "ಇದ್ಕೂ ಗಾಳಿ ಹಾಕ್ತೀರೇನ್ರೀ? ತಳ್ಳೀ ತಳ್ಳೀ ಮಗಳ ಕೈ ಸೋತೋಗಿದೆ."

ಸಣ್ಣ ಟೈರು ಒಡೆದೀತೆಂಬ ಭಯದಿಂದ ಸ್ವಲ್ಪ ಸ್ವಲ್ಪವೇ ತುಂಬಿದೆ. ಮುಗಿದದ್ದೇ ತಡ, ಅವರು ತಾವೇ ಚಕ್ರ ತಿರುಗಿಸಿಕೊಂಡು ಸಿಮೆಂಟಿನ ಅಂಗಳದಲ್ಲಿ ಒಂದು ಸುತ್ತು ಹೊಡೆದರು. "ಅಮ್ಮಾ, ನಿಧಾನ!" ಎಂದು ಮಗಳು ನೀರಿನ ಪೈಪು ಹಿಡಿದೇ ಹಿಂದೆ ಓಡಿದರು. ನಾನು ಪೂರ್ತಿ ಒದ್ದೆಯಾದೆ, ಆದರೂ ನಗು ತಡೆಯಲಾಗಲಿಲ್ಲ. ತಾಯಿ ಆಗಲೇ ಎರಡನೇ ಸುತ್ತಿಗೆ ಹೊರಟಿದ್ದರು.