ದೇವಮ್ಮನ ಹೆಸರಿನ ಗೊದ್ದ

ಶ್ರೀರಂಗಪಟ್ಟಣದಲ್ಲಿ ಬೆಳಗಿನ ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ಹೆಂಗಸಾಗಿ ಹುಟ್ಟಿದ್ದಕ್ಕೆ ನಿಮಗೆ ಸಿಕ್ಕ ಲಾಭ ಇದೊಂದೇ ಎಂದು ಪುಟ್ಟರಾಜು ಛೇಡಿಸುತ್ತಿದ್ದ. ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದವನು. ಹೋದ ತಿಂಗಳು ಎದೆನೋವೆಂದು ಕೂತವನು ಏಳಲೇ ಇಲ್ಲ.

ಶೀಳನೆರೆ ಹತ್ತಿರ ಅವನ ಹೊಲದಲ್ಲಿ ಒಣಗಿ ನಿಂತ ಮಾವಿನ ಮರವಿತ್ತು. ಅದರೊಳಗೆ ಗೊದ್ದಗಳು, ಅಂದರೆ ಒಣಮರ ಕೊರೆದು ಗೂಡು ಮಾಡುವ ಬಡಗಿ ಇರುವೆಗಳು. ಕುಲ ಕ್ಯಾಂಪೊನೋಟಸ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಪ್ರಭೇದ ಮಾತ್ರ ನಾವು ಓದಿದ ಯಾವ ವಿವರಣೆಗೂ ಕೂಡಿಬರಲಿಲ್ಲ, ಬೇರೆಲ್ಲೂ ಸಿಕ್ಕಿಯೂ ಇರಲಿಲ್ಲ. ಹೊಸದೆಂದು ಖಚಿತವಾದರೆ ತಾಯಿ ದೇವಮ್ಮನ ಹೆಸರಿಡುತ್ತೇನೆ ಎಂದಿದ್ದ. ನಮ್ಮಲ್ಲಿದ್ದವು ಕೆಲವು ಸಣ್ಣ ಕೆಲಸಗಾರ ಇರುವೆಗಳಷ್ಟೇ. ದಪ್ಪತಲೆಯ ದೊಡ್ಡ ಕೆಲಸಗಾರ ಇರುವೆಗಳು, ರಾಣಿ ಸಿಗದೆ ಹೆಸರಿಡಲು ಧೈರ್ಯವಿರಲಿಲ್ಲ. ಅವನ್ನು ತರಲೆಂದೇ ಹೊರಟಿದ್ದೆ.

ಪಾಂಡವಪುರ ದಾಟಿದ ಮೇಲೆ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ಕೆ.ಆರ್.ಪೇಟೆಯಲ್ಲಿ ಇಡ್ಲಿ ತಿಂದು ಆಟೋ ಹಿಡಿದೆ. ಬಿಸಿಲು ಚುರುಗುಟ್ಟುತ್ತಿತ್ತು.

ಹೊಲದಲ್ಲಿ ಮರ ಇರಲಿಲ್ಲ, ಮೋಟು ಮಾತ್ರ ಉಳಿದಿತ್ತು.

"ತಿಥಿ ಅಡಿಗೆಗೆ ಕಡಿಸ್ದೊ ಮೇಡಮ್ಮೋರೆ," ಎಂದರು ಅವನ ಅಣ್ಣ ಸಿದ್ದೇಗೌಡರು. "ಬಂದಾಗೆಲ್ಲ ಅದ್ರ ಬುಡ್ದಲ್ಲೇ ಕುಂತಿರೋನು. ಅವನ್ ತಿಥಿಗೆ ಕೊಂಡ್ಕೊಂಡ್ ಬಂದ ಸೌದೆ ಯಾಕೆ, ಅವನ್ ಮರದ್ದೇ ಆಗ್ಲಿ ಅಂತ."

"ಅದರಲ್ಲಿದ್ದ ಗೊದ್ದ?"

"ಒಲೆಗಿಕ್ದಾಗ ಬುಳಬುಳ ಅಂತ ಬಂದೊ. ಅಂಗೇ ಉರುದೋದೊ."

ಪ್ರೀತಿಯಿಂದ ಮಾಡಿದ್ದು. ಬಯ್ಯುವುದಕ್ಕೂ ಆಗದೆ ಸಂಕಟ ಇನ್ನೂ ಹೆಚ್ಚಾಯಿತು. ಅವರ ಮನೆಯ ಹಿತ್ತಲಲ್ಲಿ ಉಳಿದಿದ್ದ ಸೌದೆಯನ್ನೆಲ್ಲ ತಿರುವಿ ಹಾಕಿದೆ. ಕೊನೆಗೆ ಒಂದು ಇರುವೆ ಹೊರಬಂತು. ಅದೂ ಸಣ್ಣದೇ, ನಮ್ಮಲ್ಲಿದ್ದಂಥದ್ದೇ. ಹೆಸರಿಡುವ ಕೆಲಸಕ್ಕೆ ಬಾರದು. ಆದರೂ ಸೀಸೆಗೆ ಹಾಕಿಕೊಂಡೆ.

ದೇವಮ್ಮ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದೇಯೇನವ್ವ ನನ್ನೆಸ್ರುಂದು?"

"ಇದೇ ಅಮ್ಮ," ಎಂದೆ. ಇಲ್ಲವೆನ್ನಲು ಬಾಯಿ ಬರಲಿಲ್ಲ.

"ಮೊದಲ್ನೇ ಎಸ್ರು ಕುಲದ್ದು, ಎರಡ್ನೇದು ನಿಂದು ಕಣವ್ವ ಅಂತ ಏಳಿದ್ದ. ಇದ್ರ ಕುಲದೋರೆಲ್ಲ ಎಲ್ಲವ್ರೆ?"

ಅವರು ಹಿತ್ತಲಿನ ಒಲೆಯ ಬೂದಿಯ ಕಡೆ ನೋಡಿದರು. ಆಮೇಲೆ ತಾವೇ ಮುಚ್ಚಳ ತಿರುವಿದರು.

"ಒಂಟಿಯಾಗೋಗೈತೆ. ಬುಟ್ಬುಡುವ."

ಇರುವೆ ಅವರ ಬೆರಳು ಹತ್ತಿ ಇಳಿದು ಸೌದೆ ರಾಶಿಯೊಳಗೆ ಹೋಯಿತು.

ಸಂಜೆ ಹೊರಡುವಾಗ ಹೇಳಿಬರಲು ಹಿತ್ತಲಿಗೆ ಹೋದೆ. ದೇವಮ್ಮ ರಾಶಿಯ ಪಕ್ಕ ಕೂತಿದ್ದರು. ಸೊಸೆ ಒಲೆಗೆಂದು ಸೌದೆ ತೆಗೆಯಲು ಬಂದಳು. ಮುಟ್ಟಬೇಡ ಎಂದು ಅವರು ಕೈ ಅಡ್ಡ ಹಿಡಿದರು.