ಮಾವ ಬರುವ ಮೊದಲೇ ತೆಗೆದ ಜವಳ

ನಮ್ಮ ಮನೆತನದಲ್ಲಿ ಕೂಸಿನ ಮೊದಲ ಹುಟ್ಟುಹಬ್ಬದ ದಿನವೇ ಜವಳ ತೆಗೆಯುತ್ತೇವೆ. ಗಂಡಿರಲಿ, ಹೆಣ್ಣಿರಲಿ, ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕುವವನು ಸೋದರಮಾವ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಒಂದು ಎಳೆ ಕತ್ತರಿಸಿದ ಮೇಲೆ ಕ್ಷೌರಿಕ ಉಳಿದದ್ದನ್ನು ತೆಗೆಯುತ್ತಾನೆ. ಸಂಜೆಯ ಕೇಕನ್ನು ಪ್ರತಿ ವರ್ಷವೂ ಕತ್ತರಿಸಬಹುದು, ಜವಳ ಮಾತ್ರ ಜನ್ಮಕ್ಕೆ ಒಂದೇ ಸಲ. ಇದೆಲ್ಲ ಗೊತ್ತಿದ್ದೇ ನಾನು ಆ ಕೆಲಸ ಮಾಡಿದೆ.

ನನ್ನ ಸೊಸೆಗೆ ತವರು ಅಂದರೆ ಅವಳ ಅಣ್ಣ ಒಬ್ಬನೇ. ತಂದೆ ಹೋದ ಮೇಲೆ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆದು, ಮಾರಿ, ತಂಗಿಯನ್ನು ಓದಿಸಿ ನಮ್ಮ ಮನೆಗೆ ಕೊಟ್ಟವನು. ಮದುವೆಯಲ್ಲಿ ಅವನ ಮೈ ಎಲ್ಲರ ಹಾಗೇ ಇತ್ತು. ಆಮೇಲೆ ಬೆರಳ ತುದಿಗಳಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡು ಮುಂಗೈವರೆಗೆ ಹಬ್ಬಿ, ತುಟಿಯ ಅಂಚಿಗೂ ಬಂತು. ಅದು ಅಂಟುವ ರೋಗವಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನಾನೇನು ಓದುಬರಹ ಬಾರದವನಲ್ಲ, ಮ್ಯಾಟ್ರಿಕ್ ಪಾಸಾದವನು. ಅಂಟುತ್ತದೆಂಬ ಅಂಜಿಕೆ ನನಗಿರಲಿಲ್ಲ. ಅಂಜಿದ್ದು ಜನಕ್ಕೆ. ನೆಹರು ಗಂಜಿನ ಪೇಟೆಯಲ್ಲಿ, ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಜೀವಮಾನ ಕಳೆದವನು ನಾನು, ಅಲ್ಲಿನ ಗೆಳೆಯರೆಲ್ಲ ಬರುವವರಿದ್ದರು. ಆ ಕೈ ನನ್ನ ಮೊಮ್ಮಗಳ ತಲೆಯ ಮೇಲೆ ಇರುವುದನ್ನು ನೋಡಿ ಅವರು ಏನು ಮಾತಾಡಿಕೊಂಡಾರು, ನಾಳೆ ಈ ಕೂಸಿಗೂ ಬಂದೀತು ಅಂದರೆ ಮನೆಯ ಇಜ್ಜತ್ ಏನಾದೀತು ಎಂಬುದೇ ನನ್ನ ತಲೆಯಲ್ಲಿ.

ಅವನಿಗೆ ಆಮಂತ್ರಣ ಹೇಳುವ ಕೆಲಸ ನಾನೇ ವಹಿಸಿಕೊಂಡೆ. ಜವಳ ಬೆಳಿಗ್ಗೆ ಇತ್ತು. "ಮುಹೂರ್ತ ಮಧ್ಯಾಹ್ನಕ್ಕದ. ನೀ ಆರಾಮಾಗಿ ಬಾರಪ್ಪಾ" ಎಂದೆ.

ಆ ಬೆಳಿಗ್ಗೆ ಗಾಜಿಪುರದ ನಮ್ಮ ಮನೆಯ ಅಂಗಳದಲ್ಲಿ ಮಣೆ ಹಾಕಿ, ರಂಗೋಲಿ ಬಿಟ್ಟು, ಕೂದಲು ಹಿಡಿಯಲು ನನ್ನ ಮಗಳು ಸೆರಗು ಒಡ್ಡಿ ಕುಳಿತಿದ್ದಳು. ಕೂಸನ್ನು ಎತ್ತಿಕೊಂಡ ಸೊಸೆ ಬಾಗಿಲ ಕಡೆಗೇ ನೋಡುತ್ತಿದ್ದಳು. "ಮಾವಾರ, ಅಣ್ಣ ಇನ್ನಾ ಬರಲಿಲ್ಲಲ್ರಿ. ಒಂದ್ ಫೋನ್ ಹಚ್ಚಿ ನೋಡ್ರಿ" ಎಂದಳು. ನಾನು ಫೋನು ಹಿಡಿದು ಹೊರಗೆ ಹೋದೆ. ಯಾರಿಗೂ ಹಚ್ಚಲಿಲ್ಲ. ಸ್ವಲ್ಪ ಹೊತ್ತು ಬೇವಿನ ಗಿಡದ ಕೆಳಗೆ ನಿಂತು ಒಳಗೆ ಬಂದು, "ಬಾಳೆಗೊನಿ ಒಯ್ಯಾಕ ಲಾರಿ ಬಂದದಂತ. ತಡಾ ಆಗ್ತದ, ಮುಹೂರ್ತ ಮೀರಸಬ್ಯಾಡ್ರಿ ಅಂದ" ಎಂದೆ.

ಸೊಸೆಯ ಮುಖ ಸಣ್ಣದಾಯಿತು. ನಾನೇ ಮಣೆಯ ಮೇಲೆ ಕುಳಿತೆ. ಗಂಜಿನ ಗೆಳೆಯನೊಬ್ಬ ನಕ್ಕ. "ಏನ್ರಿ ಅಜ್ಜಾರ, ಮಾವನ ಕೆಲಸಾನೂ ನೀವೇ ಹೊಡ್ಕೊಂಡ್ರಿ? ಸೋದರಮಾವ ಇಲ್ಲದ ಜವಳ ಅಂದ್ರ ಹೂರಣ ಇಲ್ಲದ ಹೋಳಿಗಿ ನೋಡ್ರಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಕೂಸು ಅಳುತ್ತಿತ್ತು. ರೇಷ್ಮೆಯಂಥ ಒಂದು ಎಳೆ ನನ್ನ ಕತ್ತರಿಗೆ ಬಿತ್ತು.

ಅವನು ಮಧ್ಯಾಹ್ನಕ್ಕಿಂತ ಬಹಳ ಮೊದಲೇ ಬಂದ. ಒಂದು ಕೈಯಲ್ಲಿ ಕೆಂಪು ಬಾಳೆಯ ಚಿಪ್ಪುಗಳು, ಇನ್ನೊಂದರಲ್ಲಿ ಕೂಸಿನ ಬಟ್ಟೆ, ಬೆಳ್ಳಿ ಕಾಲ್ಗೆಜ್ಜೆ. ಹೊಸ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಬಿಗಿಯಾಗಿ ಹಾಕಿಕೊಂಡಿದ್ದ. ಅರಿಶಿನ ಹಚ್ಚಿದ ಬೋಳುತಲೆಯನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಈಗ ಬಂದೀ ಏನು?" ಎಂದಳು ತಂಗಿ. "ಲಾರಿ ತುಂಬಿ ಮುಗೀತೇನು?"

"ಯಾವ ಲಾರಿ?" ಎಂದವನು ನನ್ನ ಕಡೆ ನೋಡಿದ. ನಾನು ಆರತಿ ತಟ್ಟೆ ನೋಡಿದೆ. ಅವನಿಗೆ ತಿಳಿಯಿತು. "ಹೌದವಾ, ತಡಾ ಆತು. ತಪ್ಪಾತು" ಎಂದ.

"ಅಪ್ಪ ಇದ್ದಿದ್ರ ನಸುಕಿನ್ಯಾಗ ಬಂದು ಕುಂದರ್ತಿದ್ದ. ನಿನಗ ನನ್ನಕಿಂತ ಬಾಳಿಗೊನಿ ಹೆಚ್ಚಾತು. ಇನ್ನ ಪಂಚಮಿಗೆ ಕರಿಯಾಕಂತ ಈ ಬಾಗಿಲಿಗೆ ಬರಬ್ಯಾಡ."

ಗಂಜಿನ ಜನರೆಲ್ಲ ಕೇಳಿದರು. ಒಂದು ಮಾತು ನಾನು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅವನು ಊಟದ ಶಾಸ್ತ್ರ ಮುಗಿಸಿ, ಕೇಕ್ ಕತ್ತರಿಸುವ ಮೊದಲೇ ಹೋದ.

ಆದರೂ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದ. ಸೊಸೆ ಒಳಗಿನಿಂದಲೇ "ಕೂಸಿಗಿ ಆರಾಮಿಲ್ಲ, ಬರೂದಿಲ್ಲ" ಎಂದಳು. ಕೂಸು ಅವಳ ಕಾಲ ಬಳಿಯೇ ಆಡುತ್ತಿತ್ತು. ಅವನು ಉಂಡಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ಮರುವಾರ ನಾನು ಕಮಲಾಪುರದ ಬಸ್ಸು ಹತ್ತಿದೆ. ತೋಟದಲ್ಲಿ ಒಣಗಿದ ಎಲೆ ಸವರುತ್ತಿದ್ದವನು ನನ್ನನ್ನು ಕಂಡು ಮೊದಲು ಮಾಡಿದ್ದು ಏರಿಸಿದ್ದ ಅಂಗಿಯ ತೋಳನ್ನು ಇಳಿಸಿಕೊಂಡದ್ದು. ನಾನು ಎಲ್ಲ ಹೇಳಿದೆ.

"ಗೊತ್ತದರೀ" ಎಂದ. "ಈ ಕೈ ಸಲುವಾಗಿ ಹೌದಿಲ್ಲೋ?"

"ಹೌದು" ಎಂದೆ. "ಆಕೀಗಿ ಖರೆ ಹೇಳ್ತೀನಿ."

"ಬ್ಯಾಡ್ರೀ. ಆಕಿಗಿ ನನ್ನ ಮ್ಯಾಲಿನ ಸಿಟ್ಟು ದೂರ ಇರ್ತದ. ನಿಮ್ಮ ಮ್ಯಾಲ ಸಿಟ್ಟಾದ್ರ ದಿನಾ ನಿಮ್ಮ ತಾಟಿಗೆ ರೊಟ್ಟಿ ಹ್ಯಾಂಗ ಬಡಸ್ತಾಳ? ಆಕಿ ಅದೇ ಮನ್ಯಾಗ ಬಾಳೇವು ಮಾಡಬೇಕು."

ಇದಕ್ಕೆ ನಾಚಿಕೆಯಿಂದ ಸಾಯಬೇಕಿತ್ತು ನಾನು. ಆದರೆ ನಿಜ ಬರೆಯುತ್ತೇನೆ: ಮರಳುವ ಬಸ್ಸಿನಲ್ಲಿ ನನಗೆ ಹಗುರಾಯಿತು. ಅವನೇ ಬೇಡವೆಂದಿದ್ದಾನಲ್ಲ, ಇನ್ನೇನು, ಎಂದುಕೊಂಡೆ. ಆ ನೆಪದಲ್ಲಿ ಬಹಳ ದಿನ ಸುಮ್ಮನಿದ್ದೆ. ಅವನ ದೊಡ್ಡತನವನ್ನೂ ನನ್ನ ಅನುಕೂಲಕ್ಕೇ ಬಳಸಿಕೊಂಡೆ.

ದಸರೆಯ ಹೊತ್ತಿಗೆ ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಸೊಸೆಯನ್ನು ಕೇಳಿದಳು: "ಯಾಕವಾ, ಹಬ್ಬಕ್ಕ ತವರಿಗಿ ಹೋಗಲಿಲ್ಲೇನು?"

"ನನಗ ತವರು ಇಲ್ಲಬಿಡ್ರೀ" ಎಂದಳು ಸೊಸೆ, ಬಟ್ಟೆ ಹಿಂಡುತ್ತಾ.

ಅವತ್ತು ಊಟಕ್ಕೆ ಕುಳಿತಾಗ ಹೆಂಡತಿ, ಮಗ ಎಲ್ಲರ ಎದುರಿಗೆ ಹೇಳಿದೆ. ಸೊಸೆಯ ಅಣ್ಣ ಲಾರಿಯ ಮಾತೇ ಆಡಿರಲಿಲ್ಲ, ನಾನು ಫೋನೇ ಮಾಡಿರಲಿಲ್ಲ, ವೇಳೆ ಸುಳ್ಳು ಹೇಳಿದ್ದೆ, ಯಾಕೆ ಹೇಳಿದ್ದೆ, ಎಲ್ಲ. ಹೆಂಡತಿ "ಅಯ್ಯ ನನ್ನಪ್ಪಾ" ಎಂದು ತಲೆ ಮೇಲೆ ಕೈ ಇಟ್ಟುಕೊಂಡಳು. ಮಗ ಕೈ ತೊಳೆದು ಎದ್ದ. ಸೊಸೆ ರೊಟ್ಟಿ ಬುಟ್ಟಿ ಹಿಡಿದುಕೊಂಡೇ ನಿಂತಿದ್ದಳು.

"ಅವತ್ತು ನಾ ಅಣ್ಣಗ ಅಷ್ಟೆಲ್ಲ ಅಂದಾಗ ನೀವು ಅಲ್ಲೇ ಕುಂತಿದ್ರೀ" ಎಂದಳು.

"ಕುಂತಿದ್ದೆ. ನನ್ನದು ತಪ್ಪಾತವಾ, ಕ್ಷಮಾ ಮಾಡು."

"ನನ್ನ ಕೇಳಬ್ಯಾಡ್ರೀ. ಅಪ್ಪನ ಹೆಸರು ತಗದು ಅವನಿಗೆ ಅಂದೀನಿ. ನಾನೇ ಈಗ ಅವನ ಮುಂದ ಹೋಗಿ ಕೇಳಬೇಕಾಗ್ಯದ."

ಅಲ್ಲಿಯವರೆಗೆ ನನ್ನ ತಪ್ಪು ಒಬ್ಬನಿಗೆ ಮಾಡಿದ್ದು ಎಂದುಕೊಂಡಿದ್ದೆ. ಏನೂ ತಪ್ಪು ಮಾಡದ ಇವಳನ್ನೂ ತಪ್ಪಿತಸ್ಥಳನ್ನಾಗಿ ಮಾಡಿದ್ದೆನೆಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಅವಳು ಕೂಸಿನ ಬಟ್ಟೆ ತುಂಬಿಕೊಂಡು ಕಮಲಾಪುರಕ್ಕೆ ಹೊರಟಳು. ಚೀಲ ಹಿಡಿದು ಹಿಂದೆ ನಡೆದೆ. ಅವಳು ಬೇಡ ಅನ್ನಲಿಲ್ಲ. ಬಸ್ಸು ಹತ್ತುವಾಗ ಕೂಸನ್ನು ನನ್ನ ಕೈಗೆ ಕೊಟ್ಟಳು. ಸೀಟು ಹಿಡಿದು, ಕಿಟಕಿಯಿಂದ ಕೈ ಚಾಚಿ ತೆಗೆದುಕೊಂಡಳು. ಎಷ್ಟು ದಿನಕ್ಕೆ ಬರುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಸ್ಸು ಹೊರಟಾಗ ಅವಳು ಫೋನು ಕಿವಿಗಿಟ್ಟುಕೊಂಡಿದ್ದಳು. "ಅಣ್ಣಾ, ಬರ್ಲಾಕತ್ತೀನಿ" ಎಂದದ್ದಷ್ಟೇ ನನಗೆ ಕೇಳಿಸಿತು.