ಸಿನಿಮಾದಲ್ಲಿಲ್ಲದ ನಾಲ್ಕು ಪುಟ

ನ್ಯಾಯಾಲಯದಲ್ಲಿ ಎಲ್ಲರಿಗೂ ಆಕೆ ಸ್ಟೆನೋ ಮೇಡಂ. ಸಾಕ್ಷಿಗಳು ಆಡಿದ ಮಾತನ್ನು ಒಂದಕ್ಷರ ಬಿಡದೆ ಗೀಚಿಕೊಂಡು, ಟೈಪು ಮಾಡಿ ಕೊಡುವುದು ಹದಿನೆಂಟು ವರ್ಷದಿಂದ ಆಕೆಯ ಕೆಲಸ. ಸಾಕ್ಷಿ ತೊದಲಿದರೆ ತೊದಲಿದ್ದನ್ನೂ ಬರೆಯಬೇಕು. ಆ ಶಿಸ್ತು ಆಕೆಯ ಬೆರಳಿಗೆ ಎಷ್ಟು ಅಂಟಿತ್ತೆಂದರೆ, ತಾನೇ ಒಂದು ಸಿನಿಮಾ ಕಥೆ ಬರೆಯಲು ಕೂತಾಗಲೂ ಅದು ಬಿಡಲಿಲ್ಲ.

ಕಥೆಯೇನೋ ಚೆನ್ನಾಗಿತ್ತು. ಅಪ್ಪನ ಮನೆಗಾಗಿ ಕೋರ್ಟು ಮೆಟ್ಟಿಲು ಹತ್ತಿದ ಅಕ್ಕತಂಗಿಯರು, ಮೊಕದ್ದಮೆ ಮುಗಿಯುವ ಹೊತ್ತಿಗೆ ಒಬ್ಬರ ಊಟದ ಡಬ್ಬಿಗೆ ಇನ್ನೊಬ್ಬರು ಕೈಹಾಕುವಷ್ಟು ಹತ್ತಿರವಾಗುವ ಕಥೆ. ಎರಡು ವರ್ಷದ ಊಟದ ಬಿಡುವುಗಳನ್ನೆಲ್ಲ ಅದಕ್ಕೇ ಸುರಿದು, ಇನ್ನೂರ ಹನ್ನೆರಡು ಪುಟ ಬರೆದು, ಗೆಳತಿಯ ಪರಿಚಯದ ನಿರ್ದೇಶಕರೊಬ್ಬರ ಮುಂದೆ ಇಟ್ಟಳು.

ಅವರು ವಾರ ಬಿಟ್ಟು ಕರೆಸಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ. ಇದು ಚಿತ್ರಕಥೆ ಅಲ್ಲ, ಸಾಕ್ಷಿ ಹೇಳಿಕೆ. ಪುಸ್ತಕವಾಗಿ ಬಂದಿರೋ ಚಿತ್ರಕಥೆ ಯಾವುದಾದ್ರೂ ಓದಿದೀರಾ?"

ನೂರಾರು ಸಿನಿಮಾ ನೋಡಿದ್ದಳು. ಅವು ಪುಸ್ತಕವಾಗಿಯೂ ಬರುತ್ತವೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ.

"ಎರಡು ಮೂರು ಓದಿ. ಆಮೇಲೆ ಇದನ್ನ ನೂರು ಪುಟದೊಳಗೆ ತನ್ನಿ. ಒಂದು ತಿಂಗಳು ಕಾಯ್ತೀನಿ."

ಮುಖ ಸಪ್ಪಗೆ ಮಾಡಿಕೊಂಡು ಹೊರಬಂದವಳು ಸೀದಾ ಗ್ರಂಥಾಲಯಕ್ಕೆ ಹೋದಳು. ನಾಟಕಗಳ ಕಪಾಟಿನ ಕೆಳಗಿನ ಸಾಲಿನಲ್ಲಿ, ರೇಡಿಯೋ ರಿಪೇರಿ ಪುಸ್ತಕಗಳಿಗೆ ಒರಗಿಕೊಂಡು ಎರಡು ಚಿತ್ರಕಥೆಗಳಿದ್ದವು. ಎರಡನ್ನೂ ಎತ್ತಿಕೊಂಡು ಬಂದಳು.

ಮನೆಯಲ್ಲಿ ಮಾವ ಇದ್ದರು. ಮೂವತ್ತೈದು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವರು. ಕಣ್ಣು ಮಂಜಾಗಿದ್ದರಿಂದ ಓದಲಾಗುತ್ತಿರಲಿಲ್ಲ, ಕಿವಿ ಮಾತ್ರ ಚುರುಕು. ಬೆಳಿಗ್ಗೆ ಅವರು ಬಟಾಣಿ ಸುಲಿಯುತ್ತಾ ಕೂತರೆ ಸೊಸೆ ಗಟ್ಟಿಯಾಗಿ ಓದುವಳು.

ಮೊದಲನೆಯ ಪುಸ್ತಕದಲ್ಲಿ ಸಾಲುಸಾಲಿಗೂ ಕ್ಯಾಮೆರಾ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಹತ್ತು ಪುಟಕ್ಕೇ ಮಾವ ಕೈ ಅಡ್ಡ ಆಡಿಸಿದರು. "ಸಿನಿಮಾ ಬಂದ್ಮೇಲೆ ಯಾರೋ ನೋಡ್ಕೊಂಡು ಬರ್ಕೊಂಡಿದಾರಮ್ಮ. ಹೋದ ಬಸ್ಸಿನ ನಂಬರ್ ಬರ್ಕೊಂಡ ಹಾಗೆ. ಇದರಿಂದ ನಿನಗೇನು ಬಂತು?"

ಎರಡನೆಯದು ಹಾಗಲ್ಲ. ಚಿತ್ರೀಕರಣಕ್ಕೆ ಮುಂಚೆ ಬರೆದ ಪ್ರತಿಯನ್ನೇ ಇದ್ದದ್ದು ಇದ್ದ ಹಾಗೆ ಪುಸ್ತಕ ಮಾಡಿದ್ದರು. ರೈಲು ನಿಲ್ದಾಣದಲ್ಲಿ ತಾಯಿ ಮಗಳ ಜಗಳ ನಾಲ್ಕು ಪುಟ ತುಂಬಿತ್ತು. ಆಕೆ ಅದನ್ನು ರಸವತ್ತಾಗಿ ಓದುತ್ತಿದ್ದರೆ ಮಾವನ ಕೈ ಬಟಾಣಿಯ ಮೇಲೆ ಹಾಗೇ ನಿಂತಿತು.

"ತಡಿ. ಈ ಜಗಳ ಸಿನಿಮಾದಲ್ಲಿ ಇಲ್ಲ."

"ನೀವು ಮರೆತಿರಬೇಕು, ಮಾವ."

"ನನ್ನ ಮದುವೆ ದಿನ ಮರೀಬಹುದು, ಇದನ್ನ ಮರೆಯಲ್ಲ. ದಿನಕ್ಕೆ ಮೂರು ಆಟ, ಹನ್ನೊಂದು ವಾರ ಓಡಿಸಿದೀನಿ."

"ಹಾಗಾದ್ರೆ ಅಲ್ಲಿ ಏನಿದೆ?"

"ಮಗಳು ಅಮ್ಮನ ಕೈಯಿಂದ ಪೆಟ್ಟಿಗೆ ಇಸ್ಕೋತಾಳೆ. ರೈಲು ಬರುತ್ತೆ. ಅಷ್ಟೇ. ಮಾತೇ ಇಲ್ಲ. ಜನ ಮೂಗು ಒರೆಸ್ಕೊಳ್ಳೋ ಸದ್ದು ನನ್ನ ಕೋಣೆ ಕಿಂಡಿವರೆಗೂ ಕೇಳೋದು."

ಆಕೆ ಆ ನಾಲ್ಕು ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದಳು. ಜನರನ್ನು ಹಾಗೆ ಅಳಿಸಿದ ಕೈಯೂ ಮೊದಲು ನಾಲ್ಕು ಪುಟ ಬರೆದಿತ್ತು! ತನಗೆ ಬರೆಯಲು ಬರುವುದಿಲ್ಲವೆಂದಲ್ಲ, ತನ್ನ ಕೆಲಸ ಇನ್ನೂ ಮುಗಿದಿಲ್ಲ, ಅಷ್ಟೇ. ಅಂದೇ ಕೆಂಪು ಪೆನ್ಸಿಲ್ ಹಿಡಿದು ತನ್ನ ಕಥೆಯ ಕಟ್ಟು ಬಿಚ್ಚಿದಳು.

ಸುಲಭವಾಗಿರಲಿಲ್ಲ. ಮೊದಲ ಗೀಟು ಎಳೆದಾಗ ಸಾಕ್ಷಿಯ ಮಾತನ್ನೇ ಅಳಿಸಿ ಅಪರಾಧ ಮಾಡಿದ ಹಾಗನ್ನಿಸಿತು. ಮಾವನಿಗೆ ಓದಿ ಹೇಳುವಳು. "ಇದು ಆಗಲೇ ಗೊತ್ತಾಯ್ತಲ್ಲ" ಎಂದು ಅವರು ಅಂದಲ್ಲೆಲ್ಲ ಸಾಲುಗಳು ಉದುರಿದವು. ಮನೆಯ ಬಗ್ಗೆ ಅಕ್ಕನ ಆರು ಪುಟದ ಭಾಷಣ "ಬೀಗದ ಕೈ ಕೊಡು" ಎಂಬ ಮೂರು ಪದಕ್ಕೆ ಇಳಿಯಿತು. ಒಂದು ಕಡೆ ಮಾತ್ರ, "ಇದನ್ನ ಮುಟ್ಟಬೇಡ, ಇಲ್ಲಿ ನನಗೆ ನಗು ಬಂತು" ಎಂದು ಮಾವ ಹಟ ಹಿಡಿದರು. ತಿಂಗಳ ಕೊನೆಗೆ ಉಳಿದದ್ದು ತೊಂಬತ್ತೇಳು ಪುಟ.

ನಿರ್ದೇಶಕರು ಆಕೆಯನ್ನು ಹೊರಗೆ ಕೂರಿಸಿ ಒಳಗೆ ಓದತೊಡಗಿದರು. ಗಾಜಿನಾಚೆ ಅವರ ಹಣೆಯಷ್ಟೇ ಕಾಣುತ್ತಿತ್ತು. ಆಕೆಯ ಬೆರಳು ತನ್ನಷ್ಟಕ್ಕೆ ಮಂಡಿಯ ಮೇಲೆ ಶೀಘ್ರಲಿಪಿ ಗೀಚುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ನಗು ಕೇಳಿಸಿತು. ಗಟ್ಟಿ ನಗು. ಆಕೆಯ ಬೆರಳು ಗೀಚುವುದನ್ನು ನಿಲ್ಲಿಸಿತು.

"ಡಬ್ಬಿ ಬಿಚ್ಚೋ ದೃಶ್ಯದಲ್ಲಿ ಇಬ್ಬರೂ ಮಾತೇ ಆಡಲ್ವಲ್ಲ?" ಕರೆದು ಕೇಳಿದರು.

"ಆಡ್ತಿದ್ರು ಸರ್, ಏಳು ಪುಟ. ನಾನೇ ಬಾಯಿ ಮುಚ್ಚಿಸಿದೆ."

"ಒಳ್ಳೇದು ಮಾಡಿದ್ರಿ. ಕೊನೆ ಇನ್ನೊಂಚೂರು ನೋಡ್ಬೇಕು. ಆದ್ರೆ ಇದನ್ನ ನಾನು ಮಾಡ್ತೀನಿ ಮೇಡಂ."

ಬೀದಿಗಿಳಿದವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮಾವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದದ್ದು ಒಂದು ಸಿಳ್ಳೆ, ಆಮೇಲೆ ಕೆಮ್ಮು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೂತದ್ದೊಂದೇ ನೆನಪು. ಒಂದು ತಿಂಗಳ ನಿದ್ದೆಯೆಲ್ಲ ಒಟ್ಟಿಗೇ ಬಂದು ಅಮರಿಕೊಂಡಿತು. ಕಂಡಕ್ಟರ್ ಸೀಟು ತಟ್ಟಿ, "ಅಕ್ಕಾ, ಕೊನೇ ಸ್ಟಾಪು, ಇಳೀರಿ" ಎಂದಾಗ ಮನೆ ಆರು ಸ್ಟಾಪು ಹಿಂದಾಗಿತ್ತು. ಆಕೆ ನಗುತ್ತಲೇ ಇಳಿದು, ರಸ್ತೆ ದಾಟಿ, ವಾಪಸು ಬಸ್ಸಿಗೆ ನಿಂತಳು.